ಹಲ್ಲು ಬರದ ಹುಡುಗಿ

ಕಟ್ಟುಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳು ಮೇಣದ ಮೇಲೆ ಯಾರದೋ ಮುಂದಿನ ಎರಡು ಹಲ್ಲು ಕೂರಿಸುತ್ತಿದ್ದಾಗ ಕಿಟಕಿಯಲ್ಲಿಟ್ಟ ರೇಡಿಯೋದಲ್ಲಿ ಆ ಹಾಡು ಬಂತು. ಅವಳ ಕೈ ಕೂದಲೆಳೆಯಷ್ಟು ಸರಿಯಿತು. ಅಷ್ಟು ಸರಿದರೂ ಸಾಕು, ಸೆಟ್ಟು ಹಾಕಿಕೊಂಡವರ ನಗು ಓರೆಯಾಗುತ್ತದೆ. ಅವಳು ಹಲ್ಲನ್ನು ಕಿತ್ತು, ಮೇಣಕ್ಕೆ ಬಿಸಿ ಚಾಕು ತಾಗಿಸಿ, ಮತ್ತೆ ಕೂರಿಸಿದಳು, ಮತ್ತೆ ಸರಿಯಿತು. "ಹಲ್ಲೆಲ್ಲಿ ಹೋಯ್ತೇ ಬೊಚ್ಚಿ? ಗಾಳಿಗೆ ಹಾರ್ತು ಅಜ್ಜಿ" ಎಂದು ಗಂಡಸೊಬ್ಬ ಹೆಣ್ಣುಮಗುವಿನ ದನಿ ತೆಗೆದು ಹಾಡುತ್ತಿದ್ದ. ಪ್ರತಿ ಸಾಲಿನ ಕೊನೆಗೂ ಹಲ್ಲಿನ ಸಂದಿಯಿಂದ ಹೊರಟ ಹಾಗೆ ಒಂದು ಸಿಳ್ಳೆ. ಪ್ಲಾಸ್ಟರ್ ಕಲಸುತ್ತಿದ್ದ ಗೆಳತಿ ಬಟ್ಟಲು ಕೆಳಗಿಟ್ಟು ತಾನೂ ಸಿಳ್ಳೆ ಹಾಕಲು ಹೋಗಿ ಬರೀ ಗಾಳಿ ಬಿಟ್ಟಳು. "ಎಷ್ಟು ವರ್ಷ ಆಯ್ತಕ್ಕಾ ಇದನ್ನ ಕೇಳಿ. ಬೊಚ್ಚಿ ಕಾರ್ಟೂನು ನೋಡದೆ ನಾನು ಮುಖಾನೇ ತೊಳೀತಿರ್ಲಿಲ್ಲ. ನಮ್ಮಪ್ಪ ಪೇಪರ್ ಬಿಡಿಸೋಕೆ ಮುಂಚೆ ಹಿಂದಿನ ಪುಟ ನಂದು. ಈಗ ಅದರದ್ದು ಪ್ರದರ್ಶನ ಇಟ್ಟಿದಾರಂತೆ. ನೀವು ನೋಡ್ತಿರ್ಲಿಲ್ವಾ?" "ನಮ್ಮನೆಗೆ ಬೇರೆ ಪೇಪರ್ ಬರ್ತಿತ್ತು," ಎಂದಳು ಅವಳು. ಇಷ್ಟು ವರ್ಷ ಒಟ್ಟಿಗೆ ಕೂತು ದುಡಿದವಳ ಮುಂದೆ ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಬೆಳಿಗ್ಗೆ ಫೋನು ಮಾಡಿದ್ದ ಹಲ್ಲಿನ ಡಾಕ್ಟರ ದನಿ ತೆಗೆದು, "ನೋಡಮ್ಮಾ, ನನ್ನ ಪೇಷೆಂಟಿಗೆ ಸಿನಿಮಾ ನಟಿ ಥರದ ಹಲ್ಲೇ ಬೇಕಂತೆ. ವಯಸ್ಸಾ? ಎಂಬತ್ತು ಅಷ್ಟೇ," ಎಂದಳು. ಲ್ಯಾಬಿನ ತುಂಬ ನಗು. ಪಾಲಿಶ್ ಯಂತ್ರದ ಮುಂದಿದ್ದ ಯಜಮಾನರು ಕೂಡ ಯಂತ್ರ ನಿಲ್ಲಿಸಿ ನಕ್ಕರು. ಈ ಜಾಗದಲ್ಲಿ ಅವಳು ಬಾಯಿ ತೆರೆದರೆ ಜನ ನಗುತ್ತಾರೆ, ಅವಳು ನಗಿಸಬೇಕೆಂದು ಬಯಸಿದಾಗ ಮಾತ್ರ ನಗುತ್ತಾರೆ. ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅವಳು ಗಳಿಸಿದ ಆಸ್ತಿ ಅಂದರೆ ಅದೇ.

ಬೊಚ್ಚಿ ಎಂದರೆ ಅವಳೇ. ಆರನೇ ವಯಸ್ಸಿನಲ್ಲಿ ಮುಂದಿನ ಎರಡು ಹಲ್ಲು ಒಟ್ಟಿಗೇ ಬಿದ್ದಾಗ ಅಪ್ಪ ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, "ಬಾಯಿ ಬಿಡು ಮರಿ, ಇನ್ನೊಂಚೂರು," ಎಂದು ಪೆನ್ಸಿಲಿನಲ್ಲಿ ಗೀಚಿಕೊಂಡರು. ಆ ವಾರವೇ ಅವರು ಕೆಲಸ ಮಾಡುತ್ತಿದ್ದ ಪತ್ರಿಕೆಯ ಹಿಂದಿನ ಪುಟದಲ್ಲಿ ಎರಡು ಜಡೆಯ, ಬೊಚ್ಚುಬಾಯಿಯ ಹುಡುಗಿಯೊಬ್ಬಳು ನಾಲ್ಕು ಚೌಕಗಳೊಳಗೆ ನೆಗೆದಳು. ಅವಳಿಗೆ ಹಲ್ಲು ಬಂದವು. ಪತ್ರಿಕೆಯ ಹುಡುಗಿಗೆ ಬರಲೇ ಇಲ್ಲ. ಅವಳು ಉದ್ದವಾದಳು, ದಪ್ಪವಾದಳು, ಕನ್ನಡಕ ಹಾಕಿಕೊಂಡಳು. ಆ ಹುಡುಗಿ ಅದೇ ಚುಕ್ಕಿಚುಕ್ಕಿ ಫ್ರಾಕಿನಲ್ಲಿ ಉಳಿದಳು, ಊರು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯಿತು. ಅಪ್ಪನಿಗೆ ದಿನಕ್ಕೊಂದು ನಗು ಬೇಕಿತ್ತು. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ, "ಇವತ್ತು ಏನಾಯ್ತು ಮರಿ?" ಎನ್ನುವರು. ಅವಳು ತೊಡೆಯೇರಿ ಕೂತು ಎಲ್ಲ ಹೇಳುವಳು. ಹೇಳಿದ್ದು ಎರಡು ಮೂರು ದಿನದಲ್ಲಿ ಅಚ್ಚಾಗಿ ಬಾಗಿಲಿಗೆ ಬಂದು ಬೀಳುವುದು. ಮೊದಮೊದಲು ಅದೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಊರಿಗೆ ಗೊತ್ತಿರುವ ಮಗು ತಾನೆಂಬ ಜಂಬ ಅವಳಿಗೂ ಇತ್ತು. ಆಮೇಲೆ ಒಂದು ದಿನ ತರಗತಿಯಲ್ಲಿ ಟೀಚರು ಒಂದಕ್ಕೆ ಹೊರಗೆ ಬಿಡದೆ ಕೂರಿಸಿದ್ದರಿಂದ ಬೆಂಚಿನ ಮೇಲೆಯೇ ಆಗಿಹೋಯಿತು. ಆ ಮಾತನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಸೆರಗಿನೊಳಗೆ ಮುಖ ಇಟ್ಟು, ಅಳುತ್ತ ಹೇಳಿದ್ದಳು. ಅಪ್ಪ ಬಾಗಿಲ ಹಿಂದೆ ನಲ್ಲಿಯಲ್ಲಿ ಕುಂಚ ತೊಳೆಯುತ್ತಿದ್ದರು. ಮೂರನೇ ದಿನ ಶಾಲೆಗೆ ಶಾಲೆಯೇ ಆ ಪುಟವನ್ನು ಹಿಡಿದುಕೊಂಡು ಕಾಯುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ಮೊದಲ ಎರಡು ಚೌಕ ನೋಡಿದಳು: ಬೆಂಚು, ಬೆಂಚಿನ ಕೆಳಗೆ ನೀರು. ಅಷ್ಟರಲ್ಲಿ ಯಾರೋ ಪುಟ ಕಿತ್ತುಕೊಂಡು ಓಡಿದರು.

ಆವತ್ತು ಅಮ್ಮ ಅವಳ ತಲೆ ಬಾಚುತ್ತ, "ಅಪ್ಪನ ಮುಂದೆ ಏನೂ ಹೇಳ್ಬೇಡ ಕಣೇ. ಅವರ ಹೊಟ್ಟೆಪಾಡು ಅದು, ಬೇಜಾರು ಮಾಡ್ಕೊಂಡು ಏನು ಮಾಡ್ತೀಯ. ನೀನೇ ಬಾಯಿ ಮುಚ್ಕೊಂಡಿರು," ಎಂದಳು. ಅವಳು ಮುಚ್ಚಿಕೊಂಡಳು. ಇವತ್ತು ಏನಾಯ್ತು ಮರಿ ಎಂದರೆ, ಏನಿಲ್ಲ. ಪರೀಕ್ಷೆ ಹೇಗಾಯ್ತು ಎಂದರೆ, ಆಯ್ತು. ಮೊದಲು ಹಟದಿಂದ, ಆಮೇಲೆ ಅಭ್ಯಾಸದಿಂದ, ಕೊನೆಗೆ ಆ ಮನೆಯ ಬಾಗಿಲು ದಾಟಿ ಒಳಗೆ ಬಂದರೆ ನಾಲಿಗೆ ತಾನಾಗಿ ಭಾರವಾಗುತ್ತಿತ್ತು. ಹೊರಗೆ ಹೋದರೆ ಮಳೆಗಾಲದ ಕಪ್ಪೆಯ ಹಾಗೆ ವಟವಟ. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅಮ್ಮನೇ ಆಮೇಲಾಮೇಲೆ ಬೈಯುತ್ತಿದ್ದಳು, ಬೀಗ ಹಾಕಿದವಳು ತಾನೇ ಎಂಬುದನ್ನು ಮರೆತು. ಮದುವೆಯಾಗಿ ಹೋದವಳು ಒಂದು ಮಧ್ಯಾಹ್ನ ಪೆಟ್ಟಿಗೆ ಹಿಡಿದುಕೊಂಡು ತಿರುಗಿ ಬಂದಾಗ ಅಪ್ಪ ಬಾಗಿಲು ತೆರೆದು, ಪೆಟ್ಟಿಗೆ ನೋಡಿ, ಅವಳನ್ನು ನೋಡಿ, "ಯಾಕೆ ಮರಿ?" ಎಂದಿದ್ದರು. "ಏನಿಲ್ಲ," ಎಂದಿದ್ದಳು. ಅಪ್ಪ ಪೆಟ್ಟಿಗೆಯನ್ನು ಒಳಗೆ ಇಟ್ಟು ಬಂದು ಮತ್ತೆ ಚಿತ್ರ ಬರೆಯುವ ಬೋರ್ಡಿನ ಮುಂದೆ ಕೂತರು. ಆ ವಾರ ಬೊಚ್ಚಿ ದೋಣಿಯೇರಿ ಸಮುದ್ರಕ್ಕೆ ಹೋಗಿದ್ದಾಳೆಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ತನ್ನ ಸುದ್ದಿ ಬರಲಿಲ್ಲವಲ್ಲ ಎಂದು ಸಮಾಧಾನವಾಯಿತು. ಸಮಾಧಾನದ ಅಡಿಯಲ್ಲೇ ಒಂದು ಮುಳ್ಳು: ಹಾಗಾದರೆ ಅಪ್ಪನಿಗೆ ಈಗ ಬೇರೆ ಯಾವುದೋ ಹುಡುಗಿ ಸಿಕ್ಕಿದ್ದಾಳೆ.

ಅಮ್ಮ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಅಪ್ಪನ ಒಂದು ಕಣ್ಣು ಹಿಂದೆಯೇ ಆರಿಹೋಗಿತ್ತು. ಮೊನ್ನೆ ಆಸ್ಪತ್ರೆಯಲ್ಲಿ ಇನ್ನೊಂದಕ್ಕೂ ಚಾಕು ಹಾಕಿದರು. ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡದೆ ಅಪ್ಪನಿಗೇ ಹೇಳಿದರು: ಬೆಳಕು, ನೆರಳು ಗೊತ್ತಾಗಬಹುದು, ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. "ಗೆರೆ ಕಾಣಲ್ವಾ ಡಾಕ್ಟ್ರೇ?" ಎಂದು ಅಪ್ಪ ಕೇಳಿದರು. ಡಾಕ್ಟರು ಇಲ್ಲವೆಂದು ತಲೆಯಾಡಿಸಿದ್ದು ಅಪ್ಪನಿಗೆ ಕಾಣಲಿಲ್ಲ, ಮೌನ ಕೇಳಿಸಿರಬೇಕು. "ಹೋಗ್ಲಿ ಬಿಡಿ. ಬೇಕಾದಷ್ಟು ಎಳೆದಾಯ್ತು," ಎಂದರು. ಇಷ್ಟು ದಿನ ಅವಳ ಮೌನಕ್ಕೆ ಒಂದು ಮುಖವಾದರೂ ಇತ್ತು; ಎದುರಿಗೆ ಕೂತು ಅನ್ನ ತಿನ್ನುವ, ಕಿಟಕಿ ಮುಚ್ಚುವ, ಕನ್ನಡಕ ಒರೆಸುವ ಒಂದು ಆಕಾರ ಇತ್ತು. ಇನ್ನು ಅಪ್ಪನ ಪಾಲಿಗೆ ಮಾತಾಡಿದರೆ ಮಗಳಿದ್ದಾಳೆ, ಇಲ್ಲದಿದ್ದರೆ ಇಲ್ಲ. ಇದು ಹೊಳೆದ ಮೇಲೆ ಅವಳಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಪ್ಪ ಅವಳ ಕೈ ಹುಡುಕಿ ಹಿಡಿದು, "ಪ್ರದರ್ಶನಕ್ಕೆ ನನ್ನ ಬದಲು ನೀನು ಹೋಗಿ ಬಾ. ಬಂದು ಹೇಗಿತ್ತು ಅಂತ ಹೇಳು. ಪೂರ್ತಿ ಹೇಳು, ಆಯ್ತಾ?" ಎಂದಿದ್ದರು. "ಹೂಂ," ಎಂದಿದ್ದಳು. ಹಾಗಾಗಿ ಇವತ್ತು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ದಾರಿಯುದ್ದಕ್ಕೂ ಪಾಠ ಒಪ್ಪಿಸುವ ಮಗುವಿನ ಹಾಗೆ ಮಾತು ಜೋಡಿಸಿಕೊಳ್ಳುತ್ತ ಹೋದಳು. ಅಪ್ಪ, ಇವತ್ತು ಏನಾಯ್ತು ಗೊತ್ತಾ. ಅಷ್ಟನ್ನು ಅಂದುಬಿಟ್ಟರೆ ಉಳಿದದ್ದು ತಾನೇ ಬರುತ್ತದೆ.

ಪ್ರದರ್ಶನದ ಕೋಣೆಯಲ್ಲಿ ಐವತ್ತು, ಅರವತ್ತು ದಾಟಿದವರೆಲ್ಲ ಗೋಡೆಗೆ ಮೂಗು ತಾಗಿಸಿ ನಿಂತಿದ್ದರು. ಬೋಳುತಲೆಯವನೊಬ್ಬ ತನ್ನ ಹೆಂಡತಿಗೆ, "ಇದನ್ನ ಓದುವಾಗ ನನಗೆ ದಡಾರ ಎದ್ದಿತ್ತು ನೋಡು, ಅಮ್ಮ ಓದಿ ಹೇಳ್ತಿದ್ಲು," ಎನ್ನುತ್ತ ಕಣ್ಣು ಒರೆಸಿಕೊಂಡ. ನಗಲು ಬಂದವರು ಅಳುತ್ತಿದ್ದರು. ಯಾರ ಯಾರ ಸತ್ತುಹೋದ ಅಮ್ಮಂದಿರು, ಮಾರಿಹೋದ ಮನೆಗಳು, ಆ ನಾಲ್ಕು ಚೌಕಗಳ ಸಂದಿಯಲ್ಲಿ ಇದ್ದವೋ ಏನೋ. ಎಲ್ಲರಿಗೂ ತಮ್ಮ ಬಾಲ್ಯ ಸಿಗುತ್ತಿತ್ತು, ಅದು ಯಾರ ಬಾಲ್ಯದಿಂದ ಮಾಡಿದ್ದೋ ಅವಳೊಬ್ಬಳನ್ನು ಬಿಟ್ಟು. ಆ ಬೆಂಚಿನ ದಿನದಿಂದ ಈಚೆಗೆ ಅವಳು ಈ ಕಾರ್ಟೂನನ್ನು ಎಂದೂ ಓದಿರಲಿಲ್ಲ. ಮನೆಗೆ ಬರುತ್ತಿದ್ದ ಪೇಪರನ್ನು ಹಿಂದಿನ ಪುಟ ಒಳಗಾಗುವಂತೆ ಮಡಚಿ ಇಡುವುದು ಅವಳ ಬೆಳಗಿನ ಮೊದಲ ಕೆಲಸವಾಗಿತ್ತು. ಈಗ ಮೂರನೆಯ ಸಾಲಿನಲ್ಲಿ ಆ ಬೆಂಚು ಕಂಡಿತು. ಕಾಲು ಹಿಂದೆ ಸರಿಯಿತು, ಕಣ್ಣು ಸರಿಯಲಿಲ್ಲ. ಬೆಂಚಿನ ಕೆಳಗೆ ನೀರು. ಮೂರನೆಯ ಚೌಕದಲ್ಲಿ ಟೀಚರು ತಲೆಯೆತ್ತಿ, ಸೂರು ಸೋರುತ್ತಿದೆ ಎಂದು ಕೂಗುತ್ತಿದ್ದಾರೆ. ನಾಲ್ಕನೆಯದರಲ್ಲಿ ಸುಡುಬಿಸಿಲು, ಸೂರಿನ ಮೇಲೆ ಗಾರೆಯವನು ಬೆವರುತ್ತ ತೂತು ಹುಡುಕುತ್ತಿದ್ದಾನೆ, ಕೆಳಗೆ ಬೊಚ್ಚಿ ಟೀಚರಿಗೆ ಕೊಡೆ ಹಿಡಿದು ಗಂಭೀರವಾಗಿ ನಿಂತಿದ್ದಾಳೆ. ಬೊಚ್ಚಿ ಸಿಕ್ಕಿಬಿದ್ದಿರಲಿಲ್ಲ. ಬೊಚ್ಚಿ ಗೆದ್ದಿದ್ದಳು. ಅವಳ ಗಂಟಲಿನಿಂದ ಪುಕ್ಕನೆ ಒಂದು ನಗು ಹೊರಟಿತು. ಹೊರಟ ಮರುಕ್ಷಣವೇ ಮೈಯೆಲ್ಲ ಉರಿಯಿತು: ಇದನ್ನು ಆವತ್ತೇ, ತೊಡೆಯ ಮೇಲೆ ಕೂರಿಸಿಕೊಂಡು, ಕೊನೆಯ ಚೌಕದವರೆಗೂ ತೋರಿಸಲು ನಿಮಗೇನಾಗಿತ್ತು ಅಪ್ಪ?

ಮುಂದಿನ ಗೋಡೆಗಳಲ್ಲಿ ಅವಳದ್ದು ಅನ್ನುವಂಥದ್ದು ಏನೂ ಇರಲಿಲ್ಲ. ಬೊಚ್ಚಿ ಕಳ್ಳನನ್ನು ಹಿಡಿದಳು, ಆನೆಯ ಜೊತೆ ಜಗಳವಾಡಿದಳು, ರೈಲು ಓಡಿಸಿದಳು, ಎಲ್ಲಿ ಹೋದರಲ್ಲಿ ಗೆಳೆಯರು. ಅಷ್ಟರಲ್ಲಿ ಪ್ರದರ್ಶನ ಏರ್ಪಡಿಸಿದ ಗಡ್ಡದವನಿಗೆ ಅವಳ ಗುರುತು ಸಿಕ್ಕಿತು. ಅವನು ಮೈಕು ಹಿಡಿದು, "ನಮ್ಮ ಬೊಚ್ಚಿ ಸ್ವತಃ ಬಂದಿದ್ದಾರೆ," ಎಂದುಬಿಟ್ಟ. ಜನ ಮುತ್ತಿಕೊಂಡರು. ಹೆಂಗಸೊಬ್ಬಳು ಅವಳ ಬಾಯನ್ನೇ ನೋಡುತ್ತ, "ಹಲ್ಲು ಬಂದಿದೆಯಲ್ರೀ," ಎಂದಳು, ದುಡ್ಡು ಕೊಟ್ಟು ಕೊಂಡ ಹಣ್ಣು ಹುಳುಕಾಗಿದ್ದರೆ ಹೇಳುವ ದನಿಯಲ್ಲಿ. "ಒಂದ್ಸಲ ಬಾಯಿ ಬಿಡಿ ಮೇಡಂ, ಹಾಡಿನ ಸಿಳ್ಳೆ ಹಾಕಿ." ಅವಳು ಸಿಳ್ಳೆ ಹಾಕಲಿಲ್ಲ. ಲ್ಯಾಬಿನಲ್ಲಾಗಿದ್ದರೆ ಒಂದು ಮಾತು ಎಸೆದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು; ಈ ಕೋಣೆ ಮನೆಯ ಹಾಗಿತ್ತು, ಗೋಡೆಯ ತುಂಬ ಅಪ್ಪನ ಕೈ. ಮೂಲೆಯಲ್ಲಿ ರಟ್ಟಿನ ದೊಡ್ಡ ಬೊಚ್ಚಿ ನಿಂತಿದ್ದಳು, ಮುಖದ ಜಾಗದಲ್ಲಿ ತೂತು. ಮಕ್ಕಳು ಹಿಂದಿನಿಂದ ಮುಖ ತೂರಿಸಿ ಫೋಟೋ ತೆಗೆಸಿಕೊಳ್ಳಲಿಕ್ಕೆ. "ನೀವೂ ಒಂದು," ಎಂದು ಗಡ್ಡದವನು ಭುಜ ಹಿಡಿದು ತಳ್ಳಿದ. ಬೇಡ ಎನ್ನುವುದರೊಳಗೆ ತಲೆ ಒಳಗೆ ಹೋಗಿಯಾಗಿತ್ತು. ಫೋಟೋ ಆಯಿತು, ಚಪ್ಪಾಳೆ ಆಯಿತು. ತಲೆ ಹಿಂದಕ್ಕೆ ಬರಲಿಲ್ಲ.

ಎಳೆದರೆ ತುರುಬು ಅಡ್ಡ. ತಳ್ಳಿದರೆ ಗದ್ದ ಅಡ್ಡ. ಗಡ್ಡದವನು ಬೆವರಿದ. ಕೊನೆಗೆ ರಟ್ಟನ್ನು ಕಂಬದಿಂದ ಬಿಚ್ಚಿ, ಕತ್ತರಿ ಇದ್ದ ಆಫೀಸು ಕೋಣೆಯವರೆಗೆ ಅವಳನ್ನು ಹಾಗೆಯೇ ನಡೆಸಿಕೊಂಡು ಹೋದರು. ಮುಂದೆ ಚುಕ್ಕಿಚುಕ್ಕಿ ಫ್ರಾಕು, ಎರಡು ರಟ್ಟಿನ ಜಡೆ. ಹಿಂದೆ ಅವಳ ಸೀರೆ, ಕೈಚೀಲ. ಕಾರ್ಯಕ್ರಮದ ಭಾಗವೇ ಇದು ಅಂದುಕೊಂಡ ಜನ ದಾರಿ ಬಿಟ್ಟು ಹಾಡು ಶುರುಮಾಡಿದರು, ಹಲ್ಲೆಲ್ಲಿ ಹೋಯ್ತೇ ಬೊಚ್ಚಿ. ಬೋಳುತಲೆಯವನು ಕೈಮುಗಿದ. ಆಫೀಸಿನಲ್ಲಿ ಗಡ್ಡದವನು ಕತ್ತರಿ ಹಿಡಿದು ಸುಮ್ಮನೆ ನಿಂತ. "ಕೆನ್ನೆ ಕತ್ತರಿಸ್ಬೇಕಲ್ಲ ಮೇಡಂ. ಕೈ ಬರ್ತಿಲ್ಲ," ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ರಟ್ಟಿನ ಕೆನ್ನೆಗಾಗಿ. ಕಸ ಗುಡಿಸುತ್ತಿದ್ದಾಕೆ ಒಮ್ಮೆ ನೋಡಿ, "ತುರುಬು ಬಿಚ್ಕೊಳ್ಳಿ ತಾಯಿ," ಎಂದಳು. ಬಿಚ್ಚಿದಳು. ತಲೆ ಸುಲಭವಾಗಿ ಈಚೆ ಬಂತು.

ಆಸ್ಪತ್ರೆಗೆ ನಡೆಯುತ್ತ ಅವಳಿಗೆ ಮೊದಲು ಅಳು ಬಂತು, ರಸ್ತೆ ದಾಟುವಾಗ ನಗು ಬಂತು. ಅಪ್ಪ, ಇವತ್ತು ಏನಾಯ್ತು ಗೊತ್ತಾ. ಇದಕ್ಕಿಂತ ಒಳ್ಳೆಯ ಕಥೆ ದೇವರೇ ಇಳಿದು ಬಂದರೂ ಕೊಡಲಾರ. ಹೇಳಿದರೆ ಈಗ ಅದನ್ನು ಎಳೆಯುವ ಕೈಗೆ ಕಣ್ಣಿಲ್ಲ, ಊರು ನಗುವ ಭಯವಿಲ್ಲ. ಈ ಲೆಕ್ಕಾಚಾರ ತಲೆಯಲ್ಲಿ ಬಂದದ್ದಕ್ಕೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೂ ನಡಿಗೆ ಚುರುಕಾಯಿತು. ವಾರ್ಡಿನ ಬಾಗಿಲಲ್ಲಿ ಎಲ್ಲರೂ ಹಾಕಿಕೊಳ್ಳಬೇಕಿದ್ದ ಮಾಸ್ಕು ಹಾಕಿಕೊಂಡು ಒಳಗೆ ಹೋದಳು. ಅಪ್ಪ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು, ಕೈಗಳನ್ನು ಎದೆಯ ಮೇಲಿಟ್ಟುಕೊಂಡು, ಯಾರೋ ತನ್ನ ಚಿತ್ರ ಬಿಡಿಸಲಿ ಎಂದು ಕೂತ ಹಾಗೆ ಅಲ್ಲಾಡದೆ ಕೂತಿದ್ದರು. ಎಷ್ಟೋ ವರ್ಷದ ಅಭ್ಯಾಸದಂತೆ ಅವಳು ಸದ್ದಿಲ್ಲದೆ ಚೀಲ ಇಟ್ಟಳು, ಸರಿದ ಹೊದಿಕೆ ಸರಿಮಾಡಿದಳು. ಬಾಯಲ್ಲಿ ಮಾತು ಸಿದ್ಧವಿತ್ತು. ಅಪ್ಪ ಮೊದಲು ಮಾತಾಡಿದರು.

"ಸಿಸ್ಟರ್, ಸ್ವಲ್ಪ ನೀರು ಕೊಡ್ತೀರಾ?"

ಅವಳು ನೀರು ಕೊಟ್ಟಳು. "ನಾನು, ಅಪ್ಪ," ಎನ್ನಬೇಕಿತ್ತು, ಅನ್ನುವುದರೊಳಗೆ ಅಪ್ಪ, "ನೀವು ಹೊಸಬರಿರಬೇಕು. ಬೆಳಿಗ್ಗೆಯವರು ಲೋಟಾನ ಮೂಗಿಗೇ ಇಡ್ತಾರೆ. ನನ್ನ ಮಗಳು ಬಂದಿದಾಳಾ ನೋಡ್ತೀರಾ? ಬಂದ್ರೂ ಗೊತ್ತಾಗಲ್ಲ, ಬೆಕ್ಕಿನ ಹೆಜ್ಜೆ ಅವಳದ್ದು," ಎಂದರು. ಅಪ್ಪ ಒಬ್ಬ ಅಪರಿಚಿತಳ ಜೊತೆ ಇಷ್ಟು ಹಗುರಾಗಿ ಮಾತಾಡಬಲ್ಲರು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

"ಬರ್ತಾರೆ ಬಿಡಿ ಸಾರ್," ಎಂದಿತು ಅವಳ ಬಾಯಿ. ಅದು ಲ್ಯಾಬಿನ ದನಿ. ಅಪ್ಪ ಎಂದೂ ಕೇಳದ, ಅಗಲವಾದ, ನಗು ಬೆರೆತ ದನಿ. ಮಾಸ್ಕಿನೊಳಗೆ ಅದು ಅವಳಿಗೇ ಬೇರೆ ಯಾರದೋ ಅನ್ನಿಸಿತು. "ನಾನೂ ಇವತ್ತು ನಿಮ್ಮ ಪ್ರದರ್ಶನಕ್ಕೆ ಹೋಗಿದ್ದೆ ಸಾರ್. ನನ್ನ ಫಜೀತಿ ಏನು ಕೇಳ್ತೀರಾ."

ಅಲ್ಲಿಂದ ಅವಳನ್ನು ಹಿಡಿಯುವವರಿರಲಿಲ್ಲ. ದಡಾರದ ಬೋಳುತಲೆಯವನು, ಕೊಡೆಯ ಬೊಚ್ಚಿ, ರಟ್ಟಿನ ತೂತು, ತುರುಬು, ಮೆರವಣಿಗೆ, ಕತ್ತರಿ ಹಿಡಿದು ಅತ್ತ ಗಡ್ಡದವನು. ಅವನ ದನಿ ತೆಗೆದಳು, ಕಸ ಗುಡಿಸುವಾಕೆಯ ದನಿ ತೆಗೆದಳು. ತಾನು ಯಾರೆಂಬುದೊಂದನ್ನು ಬಿಟ್ಟು ಒಂದೂ ಉಳಿಸಲಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಕಮ್ಮಾ, ಸಾಕು. ನಗಬಾರ್ದು ಅಂದಿದಾರೆ ಡಾಕ್ಟ್ರು, ಹೊಲಿಗೆ ಬಿಟ್ಕೊಳ್ಳತ್ತೆ," ಎನ್ನುತ್ತಲೇ, "ಆಮೇಲೆ? ರಟ್ಟು ಹಾಕ್ಕೊಂಡೇ ನಡೆದ್ರಾ?" ಎಂದರು. ಎಷ್ಟೋ ವರ್ಷದ ಹಿಂದೆ ತೊಡೆಯ ಮೇಲೆ ಕೂತು ಹೇಳುವಾಗ ಆ ಎದೆ ಹೀಗೆಯೇ ಕುಣಿಯುತ್ತಿತ್ತು. ಅವಳ ಕಣ್ಣಿಂದ ನೀರು ಇಳಿದು ಮಾಸ್ಕು ಒದ್ದೆಯಾಯಿತು. ದನಿ ಮಾತ್ರ ನಗುತ್ತಲೇ ಇತ್ತು.

ನಗು ಇಳಿದ ಮೇಲೆ ಅಪ್ಪ ನಿಟ್ಟುಸಿರು ಬಿಟ್ಟರು. "ನನ್ನ ಮಗಳೂ ಹೋಗಿರ್ತಾಳೆ. ಬಂದು, ಚೆನ್ನಾಗಿತ್ತು ಅಂತಾಳೆ. ಅಷ್ಟೇ. ಒಳ್ಳೆಯವಳು, ನನ್ನನ್ನ ಚೆನ್ನಾಗಿ ನೋಡ್ಕೋತಾಳೆ. ಆದ್ರೆ ಅವಳಿಗೆ ಏನೂ ಆಗ್ಲೇ ಇಲ್ಲ ಸಿಸ್ಟರ್. ಚಿಕ್ಕವಳಿದ್ದಾಗ ಎಷ್ಟು ಮಾತು. ಆಮೇಲೆ ಏನಾಯ್ತು ಅಂತ ಕೇಳಿದ್ರೆ, ಏನಿಲ್ಲ. ಮದುವೆ ಮಾಡಿಕೊಟ್ಟೆ, ತಿರುಗಿ ಬಂದ್ಲು, ಕೇಳಿದ್ರೆ, ಏನಿಲ್ಲ. ಪಾಪ, ಖಾಲಿ ಖಾಲಿ ಬಾಳು. ನನಗೆ ಸಂಕಟ ಆಗ್ತಿತ್ತು. ಅದಕ್ಕೇ ಅವಳಿಗೆ ಆಗದ್ದನ್ನೆಲ್ಲ ಬೊಚ್ಚಿ ಕೈಲಿ ಮಾಡಿಸ್ದೆ. ದೋಣಿ ಹತ್ತಿಸ್ದೆ, ರೈಲು ಓಡಿಸ್ದೆ. ಬೆಳಿಗ್ಗೆ ಎದ್ದು ಅವಳು ಓದಿ ನಗಲಿ ಅಂತ. ಓದ್ತಿದ್ಲೋ ಇಲ್ವೋ, ಅದನ್ನೂ ಹೇಳಲಿಲ್ಲ."

ಅವಳು ಮಂಚದ ಕಂಬಿ ಹಿಡಿದುಕೊಂಡಳು. "ಓದ್ತಿದ್ರು ಸಾರ್," ಎಂದಳು.

"ನಿಮಗೆ ಹೇಗೆ ಗೊತ್ತು?"

"ಆಗ ಓದದೆ ಇದ್ದ ಮಕ್ಕಳು ಯಾರಿದ್ರು ಸಾರ್."

ಅಪ್ಪ ಅದನ್ನು ಒಪ್ಪಿಕೊಂಡ ಹಾಗೆ ತಲೆದಿಂಬಿಗೆ ಒರಗಿದರು. ಅವಳು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಈಗಲೇ ಒಳಗೆ ಹೋಗಿ, ಅದು ನಾನೇ, ಎಂದರೆ? ಅಪ್ಪನ ಮುಖದಲ್ಲಿ ನಗು ಏನಾಗುತ್ತದೆ ಎಂಬುದನ್ನು ಯೋಚಿಸಿದಳು. ಮಗಳು ಬೇರೆಯವಳ ವೇಷ ಹಾಕಿ ತನ್ನ ಹೊಟ್ಟೆಯೊಳಗಿನದನ್ನು ಕದ್ದಳು ಎನ್ನಿಸುತ್ತದೆ. ಕದಿಯುವುದು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬೇಡ, ಮಗಳಾಗಿಯೇ ಹೋಗಿ, ಮೊದಲಿನಿಂದ, ನನ್ನದೇ ಕಥೆ ಎಂದು ಹೇಳುತ್ತೇನೆ, ಎಂದುಕೊಂಡಳು. ಮಾಸ್ಕು ತೆಗೆದು, ಮುಖ ತೊಳೆದು, ಚಪ್ಪಲಿ ಸದ್ದು ಮಾಡುತ್ತ ಒಳಗೆ ಹೋದಳು.

"ಅಪ್ಪ. ನಾನು."

ಅಪ್ಪನ ಮುಖ ಅವಳ ಕಡೆ ತಿರುಗಿತು. ಆ ಹೊತ್ತಿನವರೆಗೂ ತುಟಿಯ ಮೇಲಿದ್ದ ನಗು ಮೆಲ್ಲಗೆ ಹೋಗಿ, ಮನೆಯಲ್ಲಿ ಅವಳಿಗಾಗಿ ಇಟ್ಟುಕೊಂಡಿದ್ದ ಹುಷಾರಿನ ಮುಖ ಬಂತು. ಅವಳ ಮೌನಕ್ಕೆ ನೋವಾಗದ ಹಾಗೆ ಅಪ್ಪ ಎಷ್ಟು ವರ್ಷ ಆ ಮುಖವನ್ನು ಹೊತ್ತಿದ್ದರೋ. "ಬಂದ್ಯಾ ಮರಿ. ಹೋಗಿದ್ಯಾ? ಹೇಗಿತ್ತು?"

ಅವಳು ಬಾಯಿ ತೆರೆದಳು. ಹೇಳಬೇಕಾದ್ದೆಲ್ಲ ಆಗಲೇ ಈ ಕೋಣೆಯಲ್ಲಿ ಹೇಳಿಯಾಗಿತ್ತು, ಯಾರೋ ಹೇಳಿಬಿಟ್ಟಿದ್ದರು. "ಚೆನ್ನಾಗಿತ್ತು," ಎಂದಳು.

"ಹೂಂ," ಎಂದರು ಅಪ್ಪ. ಆಮೇಲೆ ಅವಳಿಗೆ ಬೇಸರವಾಗದಿರಲಿ ಎಂದು ಕೈ ಚಾಚಿ ಮಂಚದ ಅಂಚನ್ನು ತಟ್ಟಿದರು. "ಕೂತ್ಕೋ. ನಿನಗೊಂದು ಹೇಳ್ತೀನಿ, ನಗ್ತೀಯ. ಈಗ ಒಬ್ರು ಸಿಸ್ಟರ್ ಬಂದಿದ್ರು. ಅವರೂ ಹೋಗಿದ್ರಂತೆ. ರಟ್ಟಿನ ಬೊಚ್ಚಿ ಇಟ್ಟಿದ್ರಂತಲ್ಲ, ನೀನು ನೋಡಿರಬೇಕು. ಅದರಲ್ಲಿ ಅವರ ತಲೆ ಸಿಕ್ಕಿಹಾಕ್ಕೊಂಡು..." ಅಪ್ಪ ಪೂರ್ತಿ ಹೇಳಿದರು. ಅವಳು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅವರಿಗೆ ಗೊತ್ತಿತ್ತು. "ಕೊನೇ ಚೌಕ ಮಾತ್ರ ನಾನು ಬದಲಾಯಿಸ್ತಿದ್ದೆ. ರಟ್ಟು ಮನೆಗೆ ನಡ್ಕೊಂಡು ಹೋಗ್ಬಿಡತ್ತೆ, ಆ ಹೆಂಗಸು ಪ್ರದರ್ಶನದಲ್ಲೇ ನಿಂತಿರ್ತಾಳೆ." ಹೇಳಿ, ಅವಳು ನಕ್ಕಳೇ ಎಂದು ಕಿವಿಗೊಟ್ಟರು. ಅವಳು ನಕ್ಕಳು, ಕೇಳಿಸುವಷ್ಟು. ಅಪ್ಪನಿಗೆ ಬಹಳ ಸಂತೋಷವಾಯಿತು.

"ನಾಳೆ ಅವರು ಬಂದ್ರೆ ನಿನಗೆ ಪರಿಚಯ ಮಾಡಿಸ್ತೀನಿ," ಎಂದರು. "ನಿನ್ನ ವಯಸ್ಸೇ ಇರಬೇಕು. ನೀನು ಮಾತಾಡ್ಬೇಕು ಅಂತೇನಿಲ್ಲ ಮರಿ. ಅವರೇ ಮಾತಾಡ್ತಾರೆ. ನೀನು ಸುಮ್ಮನೆ ಪಕ್ಕದಲ್ಲಿ ಕೂತಿದ್ರೆ ಸಾಕು."

"ಹೂಂ," ಎಂದಳು ಅವಳು.